ವಾಕ್ಯದ ತೂಕ

ಚಾಮರಾಜನಗರದಿಂದ ಗುಂಡ್ಲುಪೇಟೆಗೆ ಹೊರಟ ಬಸ್ಸು ತೆರಕಣಾಂಬಿ ದಾಟುವ ಹೊತ್ತಿಗೆ, ಪಕ್ಕದಲ್ಲಿ ಕುಳಿತಿದ್ದ ನನ್ನ ಹಳೆಯ ಶಿಷ್ಯೆ ಕೇಳಿದಳು: “ಸಾರ್, ಇನ್ನೊಬ್ಬರ ಮಾತನ್ನು ಕದಿಯುವುದು ತಪ್ಪು, ಒಪ್ಪಿದೆ. ಯಾರದೂ ಅಲ್ಲದ ಮಾತನ್ನು ತೆಗೆದುಕೊಂಡರೂ ತಪ್ಪೆ?”

ಅವಳು ಈ ಸೀಮೆಯ ಚೆಂಡುಹೂವಿನ ಬೆಳೆಗಾರರನ್ನು ಕುರಿತು ಪಿಎಚ್.ಡಿ. ಪ್ರಬಂಧ ಬರೆಯುತ್ತಿದ್ದಾಳೆ. 2022ರ ಕೊನೆಯಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ, ನಾಲ್ಕು ಸಾಲಿನ ಟಿಪ್ಪಣಿ ಕೊಟ್ಟರೆ ನಾಲ್ಕು ಪುಟದ ಇಂಗ್ಲಿಷು ಕ್ಷಣದಲ್ಲಿ ಸಿದ್ಧ. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ 2018ರ ನಿಯಮಗಳು ಕೃತಿಚೌರ್ಯವನ್ನು ಶೇಕಡಾ ಲೆಕ್ಕದಲ್ಲಿ ಅಳೆಯುತ್ತವೆ: ಹೋಲಿಕೆ ಶೇ. 10ರೊಳಗಿದ್ದರೆ ದಂಡವಿಲ್ಲ, ಶೇ. 60 ಮೀರಿದರೆ ನೋಂದಣಿಯೇ ರದ್ದು. ಯಂತ್ರ ಹೆಣೆದ ವಾಕ್ಯವಾದರೋ ಯಾವ ಪುಸ್ತಕದಲ್ಲಿಯೂ ಹಾಗೆಯೇ ಇಲ್ಲದಿರಬಹುದು. ಹಾಗಾದರೆ ಕಳವೆಲ್ಲಿ?

ಉಪದೇಶಕ್ಕೆ ನನಗೆ ಬಾಯಿ ಬರಲಿಲ್ಲ. ವಿದ್ಯಾರ್ಥಿಯಾಗಿದ್ದಾಗ ನಾನೂ ಒಂದು ಪುಸ್ತಕದ ಒಂದೂವರೆ ಪುಟವನ್ನು ಹೆಸರು ಹೇಳದೆ ಇಳಿಸಿಕೊಂಡವನು. ಮೇಲಾಗಿ ಅವಳ ಕಷ್ಟ ನಿಜವಾದದ್ದು. ಚಾಮರಾಜನಗರಕ್ಕೆ ತನ್ನದೇ ವಿಶ್ವವಿದ್ಯಾನಿಲಯ ಬಂದದ್ದು 2023ರಲ್ಲಿ. ಅವಳ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ಅವಳೇ ಮೊದಲು. ಇಂಗ್ಲಿಷ್ ಬಲ್ಲ ಮನೆಯ ಹುಡುಗನ ಬರಹವನ್ನು ತಂದೆಯೋ ಚಿಕ್ಕಪ್ಪನೋ ತಿದ್ದಿಕೊಟ್ಟರೆ ಯಾರೂ ಅದನ್ನು ಮೋಸವೆನ್ನಲಿಲ್ಲ. ಕನ್ನಡ ಶಾಲೆಯ ಹುಡುಗಿಗೆ ಯಂತ್ರವೇ ಆ ಚಿಕ್ಕಪ್ಪನಾದರೆ ಆಕ್ಷೇಪಿಸಲು ನಾವು ಯಾರು?

“ಎರಡನ್ನೂ ತೋರಿಸಮ್ಮ,” ಎಂದೆ. ಯಂತ್ರದ ವಾಕ್ಯದ ಸಾರಾಂಶ ಇಷ್ಟು: ಪುಷ್ಪಕೃಷಿಯು ಗ್ರಾಮೀಣ ಜನರ ಸಾಮಾಜಿಕ, ಆರ್ಥಿಕ ಬದುಕಿನಲ್ಲಿ ಮಹತ್ವದ ಪಾತ್ರ ವಹಿಸುತ್ತದೆ. ಅವಳ ನೋಟುಪುಸ್ತಕದಲ್ಲಿ, ಹೊಲದ ಬದುವಿನ ಮೇಲೆ ಒಬ್ಬ ಹೆಂಗಸಿನ ಬಾಯಿಂದ ಕೇಳಿ ಬರೆದುಕೊಂಡದ್ದು ಹೀಗಿತ್ತು: “ಹೂವ ನೋಡಕೆ ಕೇರಳದಿಂದ ಕಾರ್ಲಿ ಬತ್ತರ, ಫೋಟೊ ತಕ್ಕಂಡು ಹೋಯ್ತರ. ನಾವು ನೋಡದು ತೂಕವ.”

ಮೊದಲನೆಯದರಲ್ಲಿ ಹೂವನ್ನು ತೆಗೆದು ಅಡಕೆ ಎಂದು ಬರೆಯಿರಿ, ಅದು ಸಾಗರಕ್ಕೆ ಸಲ್ಲುತ್ತದೆ. ಕಾಫಿ ಎಂದು ಬರೆಯಿರಿ, ಕೊಡಗಿಗೆ ಸಲ್ಲುತ್ತದೆ. ಎಲ್ಲ ಊರಿಗೂ ಸಲ್ಲುವ ಆ ವಾಕ್ಯ ಗುಂಡ್ಲುಪೇಟೆಯ ವಿಷಯ ಏನನ್ನೂ ಹೇಳಲಿಲ್ಲ. ಎರಡನೆಯದು ಕೂಡಲೇ ಪ್ರಶ್ನೆಗಳನ್ನು ಎಬ್ಬಿಸುತ್ತದೆ. ಇಲ್ಲಿಯ ಚೆಂಡುಹೂವು ಬಹಳಷ್ಟು ಹೋಗುವುದು ದೇವರ ಮುಡಿಗಲ್ಲ, ಎಸಳಿನ ಬಣ್ಣ ತೆಗೆಯುವ ಕಾರ್ಖಾನೆಗೆ. ಕೋಳಿಮೊಟ್ಟೆಯ ಹಳದಿಗೆ ರಂಗು ಬರಲೆಂದು ಆ ಬಣ್ಣವನ್ನು ಕೋಳಿಯ ಮೇವಿಗೆ ಬೆರೆಸುತ್ತಾರೆ. ಹಾಗಾದರೆ ಬೆಲೆ ಗೊತ್ತುಮಾಡುವವರು ಯಾರು? ತೂಗುವವರು ಯಾರು? ಮಳೆಯಲ್ಲಿ ನೆನೆದ ಹೂವಿಗೆ ಎಷ್ಟು ಮುರಿದುಕೊಳ್ಳುತ್ತಾರೆ? ಅವಳಿಗೆ ಉತ್ತರ ತಿಳಿದಿರಲಿಲ್ಲ. ತಿಳಿದಿಲ್ಲವೆಂಬುದೂ ತಿಳಿದಿರಲಿಲ್ಲ, ಯಂತ್ರದ ನಯವಾದ ಇಂಗ್ಲಿಷು ಆ ತೂತನ್ನು ಮುಚ್ಚಿಬಿಟ್ಟಿತ್ತು.

ಬರೆಯಲು ಕುಳಿತಾಗ ಪೆನ್ನು ನಿಲ್ಲುತ್ತದೆ. ಭಾಷೆ ಬಾರದೆ ನಿಂತಿತೆಂದು ನಾವು ತಿಳಿಯುತ್ತೇವೆ. ಎಷ್ಟೋ ವೇಳೆ ವಿಷಯ ಗೊತ್ತಿಲ್ಲದೆ ನಿಂತಿರುತ್ತದೆ. ಆ ನಿಲುಗಡೆಯಲ್ಲಿಯೇ ಸಂಶೋಧನೆ ಇರುವುದು. ಪ್ರಬಂಧವೆಂಬುದು ಒಂದು ಮಾತು ಕೊಡುವಿಕೆ: ನಾನು ಕಂಡೆ, ವಿಚಾರಿಸಿದೆ, ಇದಕ್ಕೆ ನಾನು ಹೊಣೆ. ಇಲ್ಲದ ಪುಸ್ತಕವನ್ನೂ ಆಧಾರವೆಂದು ಸಲೀಸಾಗಿ ಹೆಸರಿಸಬಲ್ಲ ಯಂತ್ರ ಆ ಹೊಣೆಯನ್ನು ಹೊರಲಾರದು. ಆದುದರಿಂದ ಕಳವು ಇರುವುದಾದರೆ ಅದು ಯಾವ ಗ್ರಂಥಕರ್ತನದೂ ಅಲ್ಲ. ನಂಬಿ ಮಾತಾಡಿದ ಆ ಹೆಂಗಸಿನದು.

“ಮೊದಲು ಕನ್ನಡದಲ್ಲಿ ನೀನೇ ಬರೆ,” ಎಂದೆ. “ಆಮೇಲೆ ಯಂತ್ರದಿಂದ ತಿದ್ದಿಸು, ತಿದ್ದಿಸಿದೆನೆಂದು ಮುನ್ನುಡಿಯಲ್ಲಿ ಹೇಳು. ಊರಿನ ಹೆಸರು ಬದಲಿಸಿದರೂ ಕೆಡದ ವಾಕ್ಯ ಸಿಕ್ಕರೆ ಹೊಡೆದುಹಾಕು.”

“ಇಡೀ ಅಧ್ಯಾಯವೇ ಹೋಗುತ್ತದೆ, ಸಾರ್,” ಎಂದು ನಕ್ಕಳು. ಗುಂಡ್ಲುಪೇಟೆಯಲ್ಲಿ ಇಳಿದವಳು ಮನೆಗೆ ಹೋಗಲಿಲ್ಲ. ತಕ್ಕಡಿ ಹಿಡಿಯುವವರು ಯಾರೆಂದು ಕೇಳಿಬರಲು ಆ ಹೊಲದ ಕಡೆಗೇ ಆಟೋ ಹಿಡಿದಳು. ನನ್ನ ಒಂದೂವರೆ ಪುಟದ ಸಾಲ ಮಾತ್ರ ಇನ್ನೂ ತೀರಿಲ್ಲ.