ಉದುರಿದ ಕೂದಲಿಗೆ ಯಾರು ಹೊಣೆ?

ಯಲಹಂಕದ ಬಾಡಿಗೆ ಮನೆಯಲ್ಲಿ ನನ್ನ ಕೂದಲು ಹಿಡಿಹಿಡಿಯಾಗಿ ಉದುರತೊಡಗಿದಾಗ ಗೆಳತಿಯರೆಲ್ಲ ಹೇಳಿದ್ದು ಒಂದೇ ಮಾತು: ‘ಬೋರ್‌ವೆಲ್ ನೀರು ಕಣೇ.’ ಹೆಬ್ಬಾಳದಿಂದ ಆರ್.ಟಿ. ನಗರದವರೆಗೆ ಯಾವ ಪಿಜಿಯಲ್ಲಿ ಕೇಳಿದರೂ ಇದೇ ಉತ್ತರ. ಚರ್ಮವೈದ್ಯರು ಮಾತ್ರ ನೀರಿನ ವಿಷಯ ಎತ್ತಲಿಲ್ಲ. ‘ಎರಡು ಮೂರು ತಿಂಗಳ ಹಿಂದೆ ಏನಾಗಿತ್ತು?’ ಎಂದು ಕೇಳಿದರು.

ಆಗ ಅಪ್ಪ ಐಸಿಯುನಲ್ಲಿದ್ದರು. ಬರಬೇಕಿದ್ದ ಫೆಲೋಶಿಪ್ ಹಣ ತಿಂಗಳುಗಟ್ಟಲೆ ಬಂದಿರಲಿಲ್ಲ. ಈಗ ಅಪ್ಪ ಚೇತರಿಸಿಕೊಂಡಿದ್ದಾರೆ, ನಾನು ಪ್ರಬಂಧಕ್ಕೆ ಮರಳಿದ್ದೇನೆ. ಎಲ್ಲ ಮುಗಿಯಿತು ಅಂದುಕೊಂಡಿದ್ದೆ.

ಕೂದಲಿಗೆ ಅದರದೇ ಕಾಲಮಾನವಿದೆ. ಕೆಲವು ವರ್ಷ ಬೆಳೆದು, ಎರಡು ಮೂರು ತಿಂಗಳು ವಿಶ್ರಮಿಸಿ, ಆಮೇಲೆ ಉದುರುತ್ತದೆ. ದೊಡ್ಡ ಆಘಾತವಾದಾಗ ಬಹಳಷ್ಟು ಕೂದಲು ಒಟ್ಟಿಗೇ ವಿಶ್ರಾಂತಿಗೆ ಸರಿಯುತ್ತದೆ. ಉದುರುವುದು ನಾವು ಸುಧಾರಿಸಿಕೊಂಡ ಮೇಲೆ. ವೈದ್ಯರು ಇದನ್ನು ಟೆಲೋಜೆನ್ ಎಫ್ಲೂವಿಯಮ್ ಎನ್ನುತ್ತಾರೆ. ಹೆಚ್ಚಿನವರಿಗೆ ಕೂದಲು ಮತ್ತೆ ಬರುತ್ತದೆ.

2021ರಲ್ಲಿ ಹಾರ್ವರ್ಡ್‌ನ ವಿಜ್ಞಾನಿಗಳು ಇಲಿಗಳಲ್ಲಿ ಇದಕ್ಕೆ ಹತ್ತಿರದ ಒಂದು ಸಂಗತಿಯನ್ನು ಕಂಡರು. ನಮ್ಮ ಕಾರ್ಟಿಸಾಲ್‌ಗೆ ಸಮನಾದ ಇಲಿಗಳ ಒತ್ತಡದ ಹಾರ್ಮೋನು, ಕೂದಲ ಬುಡದ ಕೋಶಗಳು ಗ್ಯಾಸ್6 ಎಂಬ ಪ್ರೋಟೀನನ್ನು ಸ್ರವಿಸದಂತೆ ತಡೆಯುತ್ತದೆ. ಆ ಕರೆ ಬಾರದೆ ಸ್ಟೆಮ್ ಸೆಲ್‌ಗಳು ನಿದ್ದೆಯಿಂದ ಏಳುವುದಿಲ್ಲ. ಆ ಪ್ರೋಟೀನನ್ನು ಒದಗಿಸಿದಾಗ ಒತ್ತಡದಲ್ಲಿದ್ದ ಇಲಿಗಳಲ್ಲೂ ಕೂದಲು ಬೆಳೆಯಿತು.

ಇದನ್ನು ಓದಿದಾಗ ಅತ್ತೆ ಫೋನಿನಲ್ಲಿ ಹೇಳಿದ್ದು ನೆನಪಾಯಿತು: ‘ಟೆನ್ಷನ್ ಮಾಡ್ಕೋಬೇಡ ಮಗಾ, ಅದಕ್ಕೇ ಕೂದಲು ಹೋಗ್ತಿರೋದು.’ ಪ್ರೀತಿಯ ಮಾತೇ. ಆದರೆ ‘ಮಾಡ್ಕೋಬೇಡ’ ಎಂದಾಗ ಒತ್ತಡ ನಾನೇ ಮಾಡಿಕೊಂಡದ್ದಾಗುತ್ತದೆ. ಆಸ್ಪತ್ರೆಯ ಬಿಲ್ಲು, ಬಾರದ ಹಣ ಎಲ್ಲ ಹಿಂದೆ ಸರಿದು ನನ್ನ ಸ್ವಭಾವವೇ ತಪ್ಪಿತಸ್ಥ ಸ್ಥಾನದಲ್ಲಿ ನಿಲ್ಲುತ್ತದೆ. ಕೂದಲು ಹೋದದ್ದಲ್ಲದೆ ಅದಕ್ಕೆ ನಾಚಿಕೆಯನ್ನೂ ಪಡಬೇಕು. ನೀರನ್ನು ದೂರುವವರಾದರೂ ನನ್ನನ್ನು ದೂರಿರಲಿಲ್ಲ.

ನಾಳೆ ಗ್ಯಾಸ್6 ಮನುಷ್ಯರಿಗೂ ಔಷಧಿಯಾಗಿ ಬಂದರೆ? ನಾನಂತೂ ಕೊಳ್ಳುತ್ತೇನೆ, ವೈರಾಗ್ಯದ ನಾಟಕ ಬೇಡ. ಆದರೆ ಹಾಗೆ ಕೂದಲು ನಿಂತುಬಿಟ್ಟರೆ ‘ಮೂರು ತಿಂಗಳ ಹಿಂದೆ ಏನಾಗಿತ್ತು?’ ಎಂದು ಯಾರು ಕೇಳುತ್ತಾರೆ? ಹೊರೆ ಇದ್ದಲ್ಲೇ ಇರುತ್ತದೆ, ಹೊತ್ತವಳ ಗುರುತು ಮಾತ್ರ ಅಳಿಸಿಹೋಗುತ್ತದೆ.

ಮೊನ್ನೆ ಲೈಬ್ರರಿಯಲ್ಲಿ ಜೂನಿಯರ್ ಒಬ್ಬಳು ಬಾಚಣಿಗೆ ತೋರಿಸಿ, ‘ಅಕ್ಕಾ, ಯಾವ ಎಣ್ಣೆ ಹಚ್ಚಲಿ?’ ಅಂದಳು. ಎಣ್ಣೆಯ ಹೆಸರು ಹೇಳಲಿಲ್ಲ. ಟೀ ಕುಡಿಯಲು ಕರೆದುಕೊಂಡು ಹೋಗಿ, ಈಚೆಗೆ ಏನೇನಾಯಿತು ಎಂದು ಕೇಳಿದೆ. ಅವಳು ಬಹಳ ಹೊತ್ತು ಮಾತಾಡಿದಳು.