ಇಂದಿನ ಧಮ್ಮ ಚಿಂತನೆ: ಬಿಟ್ಟುಬಂದ ದಡ



ಶರಾವತಿಯ ಆಚೆ ದಡದಲ್ಲಿ, ದೋಣಿಯಲ್ಲಷ್ಟೇ ತಲುಪುವ ಕಾಡಿನ ಮನೆಯಲ್ಲಿ ಒಂದು ರಾತ್ರಿ ಉಳಿದಿದ್ದೆ. ದಾಟಿಸುವಾಗ ದೋಣಿಯವರು, "ನಿಮ್ದು ಯಾವ ಜನ ಮೇಷ್ಟ್ರೇ?" ಅಂದರು. ಮಾತು ಮರೆಸಿಬಿಟ್ಟೆ. ಸುತ್ತ ನರಪಿಳ್ಳೆಯಿಲ್ಲ, ಆದರೂ ನಿದ್ದೆ ಹತ್ತಲಿಲ್ಲ.

ನದಿ ದಾಟಿದವನು ತೆಪ್ಪವನ್ನು ತಲೆ ಮೇಲೆ ಹೊತ್ತು ನಡೆಯಬೇಕಿಲ್ಲ ಎಂದು ಅಲಗದ್ದೂಪಮ ಸುತ್ತದಲ್ಲಿ ಬುದ್ಧರು ಹೇಳುತ್ತಾರೆ. ದಾಟಿಸಿದ ತೆಪ್ಪವನ್ನೇ ಹೊರಬೇಕಿಲ್ಲ ಎಂದಮೇಲೆ, ಬಿಟ್ಟುಬಂದ ದಡದ ಅಂಜಿಕೆಯನ್ನು ನಾನೇಕೆ ಹೊತ್ತಿದ್ದೇನೆ? 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ದಾರಿ ತೋರಿದ್ದು ಹೀಗೆ ಅಡಗಿ ಬದುಕಲೆಂದೇ?

ಬೆಳಿಗ್ಗೆ ವಾಪಸ್ ಬರುವಾಗ ನಾನೇ ಹೇಳಿದೆ: "ನಿನ್ನೆ ಕೇಳಿದ್ರಲ್ಲ, ನಾವು ಬೌದ್ಧರು." ಅವರು "ಹೌದಾ" ಎಂದು ಹುಟ್ಟು ಹಾಕುತ್ತಲೇ ಇದ್ದರು. ನನ್ನ ತಲೆ ಹಗುರವಾಗಿತ್ತು.

ಇಂದು ಯಾರಾದರೂ ಕೇಳಿದರೆ ತಡವರಿಸದೆ ಉತ್ತರಿಸೋಣ.

ಭವತು ಸಬ್ಬ ಮಂಗಲಂ.