ಲಶುನಗಂಧವೂ ಶ್ವಾಸಜಪವೂ



ಚಾತುರ್ಮಾಸ್ಯವು ಸಮೀಪಿಸಿತೆಂದರೆ ಆಹಾರವನ್ನು ಕುರಿತ ಪ್ರಶ್ನೆಗಳು ಹೆಚ್ಚುವುದು ವಾಡಿಕೆ. ಶಾಕವ್ರತದಲ್ಲಿ ಯಾವುದು ಸಲ್ಲುತ್ತದೆ, ದಧಿವ್ರತದಲ್ಲಿ ಮಜ್ಜಿಗೆ ನಡೆಯುತ್ತದೆಯೇ ಎಂದು ಮಾತೆಯರು ಸಭೆಯಲ್ಲಿಯೇ ಕೇಳುವರು. ಆದರೆ ಮಂಗಳಾರತಿಯಾಗಿ ಜನರೆಲ್ಲರೂ ತೀರ್ಥಪ್ರಸಾದಕ್ಕೆ ತೆರಳಿದ ಮೇಲೆ, ಕಂಬದ ಮರೆಗೆ ಕರೆದು ತಗ್ಗಿದ ಧ್ವನಿಯಲ್ಲಿ ಕೇಳುವ ಪ್ರಶ್ನೆಯೊಂದುಂಟು. ಒಬ್ಬ ಗೃಹಸ್ಥರು ಕೇಳಿದ್ದನ್ನು, ಅವರ ಹೆಸರೂರು ಹೇಳದೆ, ಇಲ್ಲಿ ನಿರೂಪಿಸುತ್ತೇವೆ.

"ಆಚಾರ್ಯರೇ, ಮಕ್ಕಳಿಗೆ ಹಾಸ್ಟೆಲಿನ ಊಟ ರೂಢಿಯಾಗಿಬಿಟ್ಟಿದೆ. ರಜಕ್ಕೆ ಬಂದಾಗ ಮನೆಯಲ್ಲಿಯೇ ಬೆಳ್ಳುಳ್ಳಿ ಹಾಕಿ ಮಾಡುತ್ತೇವೆ. ಅವರೊಡನೆ ನಾನೂ ತಿನ್ನುತ್ತೇನೆ. ಮರುದಿನ ಪ್ರಾತಃಸಂಧ್ಯೆಗೆ ಕುಳಿತು ಪ್ರಾಣಾಯಾಮಕ್ಕೆ ಮೂಗು ಹಿಡಿದರೆ ಅದೇ ವಾಸನೆ. ಅದಕ್ಕಾಗಿ ಸಂಧ್ಯಾವಂದನೆಯನ್ನೇ ಬಿಡುತ್ತಾ ಬಂದಿದ್ದೇನೆ. ಇಲ್ಲಿಗೆ ಬರಲೂ ಸಂಕೋಚ. ಪಕ್ಕದಲ್ಲಿ ಕುಳಿತವರಿಗೆ ತಿಳಿದೀತು. ಅದು ಎಷ್ಟು ಹೊತ್ತಿಗೆ ಹೋಗುತ್ತದೆ?"

ಬೆಳ್ಳುಳ್ಳಿ ಭಕ್ಷ್ಯವೋ ಅಭಕ್ಷ್ಯವೋ ಎಂದು ಅವರು ಕೇಳಲಿಲ್ಲ. ಅದನ್ನು ಅವರು ಬಲ್ಲರು. ಸಂಧ್ಯೆ ತಪ್ಪಿತು, ಹರಿಕಥಾಶ್ರವಣ ತಪ್ಪಿತು, ಬೆಳ್ಳುಳ್ಳಿ ಮಾತ್ರ ಉಳಿಯಿತು. ಇದೇ ಸ್ಥಿತಿಯಲ್ಲಿ ಇನ್ನೂ ಅನೇಕ ಮನೆಗಳಿರುವುದರಿಂದ ಈ ವಿಷಯವನ್ನು ಬಹಿರಂಗವಾಗಿಯೇ ವಿಚಾರಿಸುವುದು ಯುಕ್ತವೆಂದು ಭಾವಿಸಿದ್ದೇವೆ.

ಮೊದಲು ಶಾಸ್ತ್ರವನ್ನು ನೋಡೋಣ. ಮನುಸ್ಮೃತಿಯ ಐದನೆಯ ಅಧ್ಯಾಯದಲ್ಲಿ ಲಶುನ, ಗೃಂಜನ, ಪಲಾಂಡು, ಕವಕ ಇವು ದ್ವಿಜರಿಗೆ ಅಭಕ್ಷ್ಯವೆಂದು ಸ್ಪಷ್ಟವಾಗಿ ಹೇಳಿದೆ. ತಿಳಿದು ತಿಂದವನಿಗೂ ತಿಳಿಯದೆ ತಿಂದವನಿಗೂ ಬೇರೆ ಬೇರೆ ಗತಿಯನ್ನು ಅಲ್ಲಿಯೇ ಹೇಳಿದೆ: ತಿಳಿಯದೆ ತಿಂದವನಿಗೆ ಸಾಂತಪನಕೃಚ್ಛ್ರವೋ ಯತಿಚಾಂದ್ರಾಯಣವೋ ಪ್ರಾಯಶ್ಚಿತ್ತ, ತಿಳಿದು ತಿಂದವನಿಗೆ ಪಾತಿತ್ಯ. ಗೀತೆಯ ಹದಿನೇಳನೆಯ ಅಧ್ಯಾಯದಲ್ಲಿ ಲಶುನದ ಹೆಸರು ಬಂದಿಲ್ಲ. ಆದರೆ ಅತಿ ಖಾರವಾದದ್ದು, ತೀಕ್ಷ್ಣವಾದದ್ದು ರಾಜಸರಿಗೆ ಪ್ರಿಯವೆಂದೂ, ದುರ್ಗಂಧವುಳ್ಳದ್ದು, ಹಳಸಿದ್ದು ತಾಮಸರಿಗೆ ಪ್ರಿಯವೆಂದೂ ಭಗವಂತನೇ ವಿಂಗಡಿಸಿರುವನು. ಈ ಗಡ್ಡೆಯು ಯಾವ ಪಂಕ್ತಿಗೆ ಸೇರಿತು ಎಂಬುದನ್ನು ಅರಿಯಲು ಮೂಗೇ ಸಾಕು.

ವೈದ್ಯಶಾಸ್ತ್ರವು ಇದನ್ನು ಹೊಗಳಿದೆಯಲ್ಲವೇ ಎಂದು ಕೇಳುವವರುಂಟು. ಹೊಗಳಿರುವುದು ನಿಜ. ಷಡ್ರಸಗಳಲ್ಲಿ ಆಮ್ಲವೊಂದು ಮಾತ್ರ ಊನವಾದುದರಿಂದ ರಸೋನವೆಂಬ ಹೆಸರು ಬಂದಿತೆನ್ನುವರು. ವಾಗ್ಭಟನ ಅಷ್ಟಾಂಗಹೃದಯವು ಇದನ್ನು ರಸಾಯನಗಳಲ್ಲಿ ಎಣಿಸಿದೆ. ಆದರೆ ಅದೇ ಗ್ರಂಥವು ಇದರ ಜನ್ಮವೃತ್ತಾಂತವನ್ನೂ ಹೇಳುತ್ತದೆ: ಅಮೃತವನ್ನು ಕದ್ದ ರಾಹುವಿನ ಕತ್ತನ್ನು ಕತ್ತರಿಸಿದಾಗ ಅವನ ಗಂಟಲಿನಿಂದ ನೆಲಕ್ಕೆ ಬಿದ್ದ ಅಮೃತಬಿಂದುಗಳೇ ಲಶುನವಾದವು, ಅಮೃತಾಂಶವಿದ್ದುದರಿಂದ ಔಷಧ, ದೈತ್ಯದೇಹದಿಂದ ಬಂದುದರಿಂದ ದ್ವಿಜರಿಗೆ ತ್ಯಾಜ್ಯ. ಗುಣವನ್ನು ಒಪ್ಪಿಕೊಂಡೂ ಬಿಡಬಹುದೆಂಬುದನ್ನು ವೈದ್ಯನೇ ಹೇಳಿದಂತಾಯಿತು.

1890ರಲ್ಲಿ ಮಧ್ಯ ಏಷ್ಯಾದ ಕುಚಾ ಎಂಬಲ್ಲಿ ದೊರೆತ, ಬೋವರ್ ಹಸ್ತಪ್ರತಿಯೆಂದು ಪ್ರಸಿದ್ಧವಾದ ಪ್ರಾಚೀನ ವೈದ್ಯಗ್ರಂಥದಲ್ಲಿ ಇನ್ನೂ ಸ್ವಾರಸ್ಯವಾದ ಮಾತಿದೆ. ಬ್ರಾಹ್ಮಣನಿಗೆ ಲಶುನದ ಗುಣ ಬೇಕಾದರೆ ಹಸುವಿಗೆ ಮೂರು ರಾತ್ರಿ ಹುಲ್ಲನ್ನು ಬಹುಮಟ್ಟಿಗೆ ತಪ್ಪಿಸಿ, ಅನಂತರ ಹುಲ್ಲಿನೊಡನೆ ಲಶುನದ ದಂಟುಗಳನ್ನು ಬೆರೆಸಿ ತಿನ್ನಿಸಿ, ಅದರ ಹಾಲನ್ನೋ ಮೊಸರನ್ನೋ ತುಪ್ಪವನ್ನೋ ಸೇವಿಸಲಿ ಎಂಬುದು ಅಲ್ಲಿಯ ಉಪಾಯ. ಓದಿದರೆ ನಗು ಬರುತ್ತದೆ. ಪಾಪ, ಆ ಹಸುವಿನ ಅವಸ್ಥೆ! ಆದರೂ ರೋಗವನ್ನೂ ನಿಯಮವನ್ನೂ ಎರಡನ್ನೂ ಗೌರವಿಸಬೇಕೆಂಬ ಆ ವೈದ್ಯನ ಪರದಾಟವನ್ನು ಗಮನಿಸಬೇಕು. ರಕ್ತದೊತ್ತಡಕ್ಕೆ ಬೆಳ್ಳುಳ್ಳಿ ಒಳ್ಳೆಯದೆಂದು ಕೇಳಿದೊಡನೆ ಒಗ್ಗರಣೆಗೇ ಹಾಕಿಬಿಡುವ ನಮ್ಮ ಅವಸರದಲ್ಲಿ ಆ ಪರದಾಟ ಕಾಣುವುದಿಲ್ಲ. ಅದು ಒತ್ತಡವನ್ನು ಅಲ್ಪಸ್ವಲ್ಪ ಇಳಿಸಬಹುದೆಂದು ಪರೀಕ್ಷೆಗಳಿಂದ ಕಂಡಿದೆಯಾದರೂ ಅದು ಮಾತ್ರೆಗೆ ಬದಲಾಗದು. ರಕ್ತ ಹೆಪ್ಪುಗಟ್ಟದಂತೆ ಔಷಧ ಸೇವಿಸುವವರೂ ಶಸ್ತ್ರಚಿಕಿತ್ಸೆಗೆ ಹೋಗುವವರೂ ಇದರ ವಿಷಯದಲ್ಲಿ ಎಚ್ಚರವಾಗಿರಬೇಕೆಂದು ವೈದ್ಯರೇ ಹೇಳುವರು.

ಇನ್ನು ವಾಸನೆಯ ವಿಚಾರ. ಇಡಿಯ ಬೆಳ್ಳುಳ್ಳಿಗೆ ಅಷ್ಟೇನೂ ಗಂಧವಿಲ್ಲ. ಕತ್ತರಿಸಿದಾಗ, ಜಜ್ಜಿದಾಗ ಅದರೊಳಗೆ ಬೇರೆ ಬೇರೆಯಾಗಿದ್ದ ಎರಡು ದ್ರವ್ಯಗಳು ಕೂಡಿ ಅಲ್ಲಿಸಿನ್ ಎಂಬುದು ಹುಟ್ಟುತ್ತದೆ. ಅದರಿಂದ ಗಂಧಕಯುಕ್ತವಾದ ಅನೇಕ ಅನಿಲಗಳು ಉಂಟಾಗುತ್ತವೆ. ಇವುಗಳಲ್ಲಿ ಬಹುಪಾಲು ಬಾಯಿಯಲ್ಲಿಯೇ ಇದ್ದು ಕೆಲವು ಗಂಟೆಗಳಲ್ಲಿ ಇಳಿಯುತ್ತವೆ. ಆದರೆ ಅಲೈಲ್ ಮೀಥೈಲ್ ಸಲ್ಫೈಡ್ ಎಂಬುದೊಂದು ಹಾಗಲ್ಲ. 1999ರಲ್ಲಿ ಅಮೆರಿಕದ ಸಂಶೋಧಕರು ಪರೀಕ್ಷಿಸಿ, ಇದು ಬಾಯಿಯಿಂದ ಬರತಕ್ಕದ್ದಲ್ಲ, ಕರುಳಿನಿಂದ ರಕ್ತಕ್ಕೆ ಸೇರಿ, ರಕ್ತದಿಂದ ಶ್ವಾಸಕೋಶಕ್ಕೆ ಬಂದು, ಉಸಿರಿನೊಡನೆ ಹೊರಬೀಳುತ್ತದೆಂದು ತೋರಿಸಿದರು. ಆದುದರಿಂದಲೇ ಮರುದಿನದವರೆಗೂ ಅದು ಬಿಡುವುದಿಲ್ಲ. ಎಷ್ಟು ಗಂಡೂಷ ಮಾಡಿದರೂ, ಲವಂಗ ಏಲಕ್ಕಿ ಅಗಿದರೂ ಅದು ಮುಚ್ಚಿಕೊಂಡೀತೇ ಹೊರತು ಹೋಗದು. ಹಾಲು ಕುಡಿದರೆ ಕಡಿಮೆಯಾಗುತ್ತದೆ, ಅದರಲ್ಲಿಯೂ ಕೆನೆ ತೆಗೆಯದ ಹಾಲು ಉತ್ತಮ ಎಂದು 2010ರಲ್ಲಿ ಓಹಾಯೋ ರಾಜ್ಯದ ವಿಶ್ವವಿದ್ಯಾಲಯದವರು ಕಂಡುಕೊಂಡರು. ಮೊಸರಿಗೂ ಈ ಶಕ್ತಿ ಇದೆಯೆಂದು ಅದೇ ವಿಶ್ವವಿದ್ಯಾಲಯದಿಂದ 2023ರಲ್ಲಿ ಪ್ರಕಟವಾಯಿತು. ಸೇಬು, ಪುದೀನ ಇವೂ ಕೆಲಮಟ್ಟಿಗೆ ಸಹಾಯಕ.

ಗೃಹಸ್ಥರ ಪ್ರಶ್ನೆಗೆ ಇಷ್ಟೇ ಉತ್ತರವಾದರೆ, ಒಂದು ಲೋಟ ಹಾಲು ಕುಡಿದು ಬನ್ನಿರೆಂದು ನಾವು ಕಳುಹಿಸಬಹುದಾಗಿತ್ತು.

ಆದರೆ ನಾವು ಮಾಧ್ವರು. ಉಸಿರೆಂದರೆ ನಮಗೆ ಬರಿಯ ಗಾಳಿಯಲ್ಲ. ಪ್ರತಿಯೊಬ್ಬ ಜೀವನ ದೇಹದಲ್ಲಿ ನಿಂತು ಶ್ರೀಮುಖ್ಯಪ್ರಾಣದೇವರು ಒಂದು ಅಹೋರಾತ್ರದಲ್ಲಿ 21,600 ಬಾರಿ ಹಂಸಮಂತ್ರವನ್ನು ಜಪಿಸುತ್ತಿರುವರೆಂಬುದು ನಮ್ಮ ಸಂಪ್ರದಾಯ. ಲೆಕ್ಕ ಹಾಕಿ ನೋಡಿರಿ: ನಿಮಿಷಕ್ಕೆ 15ರಂತೆ 24 ಗಂಟೆಗೆ ಸರಿಯಾಗಿ ಅಷ್ಟೇ ಶ್ವಾಸಗಳು. ನಾವು ನಿದ್ರಿಸುವಾಗಲೂ, ಕಚೇರಿಯಲ್ಲಿ ಕುಳಿತು ಅನ್ಯರನ್ನು ದೂಷಿಸುವಾಗಲೂ ಆ ಜಪ ನಿಲ್ಲುವುದಿಲ್ಲ. ರಾತ್ರಿ ತಿಂದ ಲಶುನವು ಎಲ್ಲಿ ಏರಿ ಕುಳಿತಿದೆಯೆಂದು ವಿಜ್ಞಾನಿಗಳು ಹೇಳಿದರೋ ಅದೇ ಸ್ಥಾನದಲ್ಲಿ ಈ ಜಪ ನಡೆಯುತ್ತಿದೆ. ಪಕ್ಕದವರ ಮೂಗಿಗೆ ಹೆದರಿ ಕಂಬದ ಮರೆ ಸೇರಿದವನು, ಉಸಿರಿಗಿಂತಲೂ ಸಮೀಪದಲ್ಲಿರುವವರ ಸಂಗತಿಯನ್ನು ಮರೆತನಲ್ಲವೇ?

ಹಾಗಾದರೆ ಮುಖ್ಯಪ್ರಾಣದೇವರಿಗೆ ಆ ದುರ್ಗಂಧವು ತಟ್ಟುತ್ತದೆಯೇ ಎಂದು ಒಬ್ಬ ವಿದ್ಯಾರ್ಥಿಯು ಕೇಳಿದನು. ಒಳ್ಳೆಯ ಪ್ರಶ್ನೆ. ಛಾಂದೋಗ್ಯೋಪನಿಷತ್ತಿನ ಆರಂಭದಲ್ಲಿಯೇ ಇದಕ್ಕೆ ಸಮಾಧಾನವಿದೆ. ದೇವತೆಗಳು ಮೊದಲು ಮೂಗಿನ ಪ್ರಾಣವನ್ನು ಉದ್ಗೀಥವೆಂದು ಉಪಾಸಿಸಿದರು. ಅಸುರರು ಅದನ್ನು ಪಾಪದಿಂದ ವೇಧಿಸಿದರು. ಆದುದರಿಂದಲೇ ಮೂಗು ಸುಗಂಧವನ್ನೂ ದುರ್ಗಂಧವನ್ನೂ ಅರಿಯುತ್ತದೆ. ಮಾತು, ಕಣ್ಣು, ಕಿವಿ, ಮನಸ್ಸು ಇವುಗಳಿಗೂ ಅದೇ ಗತಿಯಾಯಿತು. ಕೊನೆಗೆ ಮುಖ್ಯಪ್ರಾಣನನ್ನು ಆಶ್ರಯಿಸಿದಾಗ, ಅವನ ಮೇಲೆ ಬಿದ್ದ ಅಸುರರು ಬಂಡೆಗೆ ಎಸೆದ ಮಣ್ಣಿನ ಹೆಂಟೆಯಂತೆ ಪುಡಿಯಾದರು. ಸುಗಂಧದುರ್ಗಂಧಗಳ ಭೇದವು ಅವನಿಗಿಲ್ಲ, ಅವನು ಪಾಪರಹಿತನೆಂದು ಉಪನಿಷತ್ತು ಬಾಯಿಬಿಟ್ಟು ಹೇಳುತ್ತದೆ. ಆದಕಾರಣ ಬೆಳ್ಳುಳ್ಳಿಯ ವಾಸನೆಯಿಂದ ಅವರಿಗೇನೂ ಆಗದು. ಆಗುವುದು ನಮಗೆ. ಆಹಾರವು ಶುದ್ಧವಾದರೆ ಅಂತಃಕರಣ ಶುದ್ಧವಾಗಿ ಭಗವತ್ಸ್ಮರಣೆ ದೃಢವಾಗುವುದೆಂದು ಅದೇ ಉಪನಿಷತ್ತಿನಲ್ಲಿ ಸನತ್ಕುಮಾರರು ನಾರದರಿಗೆ ಉಪದೇಶಿಸಿರುವರು. ನಾಲಗೆಯ ಚಾಪಲ್ಯಕ್ಕಾಗಿ ಸಂಧ್ಯೆ ತಪ್ಪಿತೆಂದರೆ ಸ್ಮರಣೆ ಸಡಿಲವಾಯಿತೆಂದೇ ಅಲ್ಲವೇ?

ಇಲ್ಲಿ ಒಂದು ಪರಮತದ ಪ್ರಸಂಗ. ಬೌದ್ಧರ ವಿನಯಗ್ರಂಥದಲ್ಲಿ, ಬೆಳ್ಳುಳ್ಳಿ ತಿಂದ ಭಿಕ್ಷುವೊಬ್ಬನು ಇತರರಿಗೆ ತೊಂದರೆಯಾಗಬಾರದೆಂದು ಉಪದೇಶದ ವೇಳೆಯಲ್ಲಿ ದೂರ ಕುಳಿತನೆಂದೂ, ಧರ್ಮಶ್ರವಣಕ್ಕೆ ಅಡ್ಡಿಯಾಗುವ ವಸ್ತುವನ್ನು ತಿನ್ನಬಹುದೇ ಎಂದು ಕೇಳಿ ಬುದ್ಧನು ಅದನ್ನು ನಿಷೇಧಿಸಿದನೆಂದೂ, ರೋಗಕ್ಕಾದರೆ ಮಾತ್ರ ಆಗಬಹುದೆಂದು ಅನಂತರ ಒಪ್ಪಿದನೆಂದೂ ಇದೆ. ಸಿದ್ಧಾಂತದಲ್ಲಿ ನಮಗೂ ಅವರಿಗೂ ಯಾವ ಸಂಧಾನವೂ ಸಾಧ್ಯವಿಲ್ಲ. ಆದರೆ ಬೆಳ್ಳುಳ್ಳಿ ತಿಂದವನು ಎಲ್ಲಿ ಹೋಗಿ ಕುಳಿತುಕೊಳ್ಳುವನೆಂಬುದನ್ನು ಅವರೂ ಕಂಡಿದ್ದರು.

ಹಾಗಾದರೆ ಮಾಡತಕ್ಕದ್ದೇನು? ಸಂಧ್ಯಾವಂದನೆಯನ್ನು ಸರ್ವಥಾ ಬಿಡಲಾಗದು. ಅದು ನಿತ್ಯಕರ್ಮ, ಬಿಟ್ಟರೆ ಪ್ರತ್ಯವಾಯವು ಮತ್ತೊಂದು ಸೇರಿತು. ವಾಸನೆ ಇದ್ದರೂ ಸ್ನಾನ ಮಾಡಿ, ಕುಳಿತು, ಮಾಡಲೇಬೇಕು. ಪ್ರಾಣಾಯಾಮದಲ್ಲಿ ಆ ವಾಸನೆ ಮೂಗಿಗೆ ಬಡಿದಾಗ ಆಗುವ ಅಸಹ್ಯವು ಹತ್ತು ಉಪನ್ಯಾಸಗಳಿಗಿಂತ ಹೆಚ್ಚಿನ ಕೆಲಸ ಮಾಡುತ್ತದೆ. ದೇವಸ್ಥಾನಕ್ಕೂ ಬರಬೇಕು, ಅಂದು ನೈವೇದ್ಯದ ಅಡುಗೆಗೂ ಮಡಿಯ ಕಾರ್ಯಗಳಿಗೂ ಕೈಹಾಕದೆ ದೂರದಿಂದ ದರ್ಶನ ಮಾಡಿ, ಹಿಂದೆ ಕುಳಿತು ಕೇಳಿದರಾಯಿತು. ನೀವು ಹಿಂದೆ ಏಕೆ ಕುಳಿತಿರೆಂದು ಯಾರೂ ವಿಚಾರಿಸಬಾರದು; ಇದು ಇತರರಿಗೆ ನಮ್ಮ ವಿಜ್ಞಾಪನೆ. ತಿಳಿದು ತಿಂದುದಕ್ಕೆ ಪ್ರಾಯಶ್ಚಿತ್ತವೇನೆಂಬುದನ್ನು ತಮ್ಮ ತಮ್ಮ ಮಠದ ಗುರುಗಳ ಸನ್ನಿಧಿಯಲ್ಲಿ ಕೇಳತಕ್ಕದ್ದು. ಉಪಾಕರ್ಮದ ಪಂಚಗವ್ಯದಿಂದ ಎಲ್ಲವೂ ತೊಳೆದುಹೋಯಿತೆಂದು ವರ್ಷವಿಡೀ ತಿನ್ನುವುದು ಮಾತ್ರ ಸಲ್ಲದು.

ಮನೆಯ ಅಡುಗೆಯ ವಿಷಯದಲ್ಲಿ ನಮ್ಮ ಮಾತು ಇನ್ನೂ ಕಟುವಾದುದು. ಹೊರಗೆ ತಿಂದವನ ದೋಷ ಅವನೊಬ್ಬನದು. ದೇವರ ಮನೆಗೆ ಗೋಡೆಯೊಂದೇ ಅಂತರವಾಗಿರುವ ಅಡುಗೆಯ ಮನೆಯಲ್ಲಿ ಬೆಂದದ್ದು ಮನೆಯವರೆಲ್ಲರನ್ನೂ ಮುಟ್ಟುತ್ತದೆ. ಮಿಕ್ಸರಿನ ಜಾಡಿಯಲ್ಲಿ, ಕುಕ್ಕರಿನ ರಬ್ಬರಿನಲ್ಲಿ ಆ ವಾಸನೆ ಕುಳಿತರೆ ಏಳುವುದಿಲ್ಲ. ಹಾಲಿನ ಜಿಡ್ಡು ಈ ಗಂಧವನ್ನು ಹೀರುತ್ತದೆಂದು ಮೇಲೆ ಹೇಳಿದೆವಷ್ಟೆ. ಫ್ರಿಜ್ಜಿನಲ್ಲಿ ಅರೆದಿಟ್ಟ ಬೆಳ್ಳುಳ್ಳಿಯ ಪಕ್ಕದಲ್ಲಿ ತೆರೆದಿಟ್ಟ ಮೊಸರೂ ಬೆಣ್ಣೆಯೂ ಅದೇ ಕೆಲಸವನ್ನು ಮಾಡುತ್ತವೆ. ಮರುದಿನ ಅದೇ ಬೆಣ್ಣೆಯು ಕೃಷ್ಣನ ಮುಂದೆ ಹೋಗುತ್ತದೆ. ಅತ್ತೆಯವರು ಅಂದಿನಿಂದ ಮನೆಯಲ್ಲಿ ಉಣ್ಣದೆ ಅವಲಕ್ಕಿ ಮಜ್ಜಿಗೆಯಲ್ಲಿ ದಿನ ಕಳೆಯುವ ಮನೆಗಳನ್ನು ನಾವು ಬಲ್ಲೆವು. ಅಲ್ಲಿ ದೂರು ಬರುವುದು ಸೊಸೆಯ ಮೇಲೆ. ವಿಚಾರಿಸಿದರೆ, ಹೊರಗೆ ರುಚಿ ಕಲಿತುಬಂದು ಮನೆಯಲ್ಲಿಯೂ ಬೇಕೆಂದವರು ಬಹುತೇಕ ಗಂಡಸರೇ! ಅವಳು ಹೇಳಿದ್ದನ್ನು ಮಾಡಿದಳು, ಬೈಗಳನ್ನೂ ತಿಂದಳು.

ವೈದ್ಯರು ಔಷಧವಾಗಿಯೇ ಹೇಳಿದ್ದಾದರೆ ಬದಲಿ ಔಷಧವುಂಟೇ ಎಂದು ಅವರನ್ನೇ ಕೇಳಬಹುದು; ಇಲ್ಲವಾದರೆ ಬೇರೆ ಪಾತ್ರೆ, ಬೇರೆ ಒಲೆ, ಮುಸುರೆಯನ್ನೂ ಬೇರೆಯಾಗಿಯೇ ತೊಳೆಯುವುದು, ಅದೂ ಮನೆಯವರಿಗೆಲ್ಲ ತಿಳಿಸಿಯೇ. ಬರಿಯ ರುಚಿಗಾದರೆ ಹೆದರಬೇಕಾದುದೇನೂ ಇಲ್ಲ. ತುಪ್ಪದಲ್ಲಿ ಇಂಗು, ಸಾಸುವೆ, ಕರಿಬೇವುಗಳ ಒಗ್ಗರಣೆಯಿಂದಲೇ ಉಡುಪಿಯ ಸಾರು, ಹುಳಿಗಳು ದೇಶದೇಶಗಳಲ್ಲಿ ಹೆಸರಾದವು. ರಜಕ್ಕೆ ಬಂದ ಮಕ್ಕಳನ್ನು ಬೈಯುವುದಕ್ಕೆ ಮೊದಲು ಒಂದು ವಾರ ಅಮ್ಮನ ಕೈಯ ಕೊತ್ತಂಬರಿ ಹುರಿದು ಅರೆದ ಹುಳಿಯನ್ನು ಬಿಸಿಯಾಗಿ, ದೇವರಿಗೆ ನಿವೇದಿಸಿ, ಬಡಿಸಿ ನೋಡಿರಿ. ಹಾಸ್ಟೆಲಿನಲ್ಲಿ ಅದು ಅವರಿಗೆ ಎಲ್ಲಿಂದ ದೊರೆಯಬೇಕು?

॥ ಶ್ರೀಕೃಷ್ಣಾರ್ಪಣಮಸ್ತು ॥